ನಾಯಿ ಮರಿ ಕೊಳ್ಳುವ ಮುನ್ನ: ತಳಿ ವ್ಯಾಪಾರದ ನಿಯಮಗಳು ಮತ್ತು ಶ್ರಾವಕರ ಹೊಣೆ

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ನಾಯಿ ಎಂದರೆ ಕುರಿ ಹಟ್ಟಿಯ ಕಾವಲು, ಹೊಲದ ಕಾವಲು. ಒಬ್ಬರ ಮನೆಯ ನಾಯಿ ಮರಿ ಹಾಕಿದರೆ ಕೇಳಿದವರು ಒಂದೊಂದನ್ನು ಎತ್ತಿಕೊಂಡು ಹೋಗುವುದು ವಾಡಿಕೆ. ಈಗ ಪಟ್ಟಣದ ಮನೆಗಳಲ್ಲಿ ಬೇರೆ ರೀತಿಯ ಬೇಡಿಕೆ ಬೆಳೆದಿದೆ. ಮಕ್ಕಳು ಮೊಬೈಲಿನಲ್ಲಿ ಪಗ್, ಶಿಟ್ಜು, ಹಸ್ಕಿ ಮರಿಗಳ ಚಿತ್ರ ತೋರಿಸುತ್ತಾರೆ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ತರಿಸಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ. ಹಣ ಕಳಿಸಿದರೆ ಮರಿ ಮನೆಗೆ ಬರುತ್ತದೆ. ಆ ಮರಿಯನ್ನು ಹೆತ್ತ ತಾಯಿ ಎಲ್ಲಿದೆ, ಹೇಗಿದೆ ಎಂಬುದು ಮಾತ್ರ ಕೊಂಡವರಿಗೆ ತಿಳಿಯುವುದೇ ಇಲ್ಲ.

ಈ ತಾಯಿ ನಾಯಿಯ ರಕ್ಷಣೆಗಾಗಿ ದೇಶದಲ್ಲಿ ಕಾನೂನು ಇದೆ. ಆ ಕಾನೂನು ಹೇಳುವ ಬಹುಪಾಲು ಮಾತುಗಳನ್ನು ಜೈನ ಶ್ರಾವಕಾಚಾರ ಬಹಳ ಹಿಂದೆಯೇ ಹೇಳಿದೆ. ಎರಡನ್ನೂ ಒಟ್ಟಿಗೆ ನೋಡಿದರೆ ಗೃಹಸ್ಥರ ದಾರಿ ಸ್ಪಷ್ಟವಾಗುತ್ತದೆ.

ಕಷ್ಟ ಎಲ್ಲಿ ಶುರುವಾಗುತ್ತದೆ?

ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಮರಿಗೆ ಸಾವಿರಾರು ರೂಪಾಯಿ ಬೆಲೆ ಬಂದಾಗ, ಪ್ರತಿ ಬೆದೆಯಲ್ಲೂ ತಾಯಿಯನ್ನು ಗಬ್ಬ ಮಾಡಿಸುವ ಆಸೆ ವ್ಯಾಪಾರಿಗೆ ಹುಟ್ಟುತ್ತದೆ. ಒಂದು ಸೂಲಿನ ಹಾಲು ಬತ್ತಿ ಮೈ ಚೇತರಿಸಿಕೊಳ್ಳುವ ಮೊದಲೇ ಮತ್ತೊಂದು ಸೂಲು. ಹೊತ್ತು ಹೊತ್ತು ದೇಹ ಸವೆದ ಮೇಲೆ ಅದು ಖರ್ಚಿನ ಬಾಬತ್ತಾಗುತ್ತದೆ, ಕೊನೆಗೆ ಬೀದಿಗೆ ಬೀಳುತ್ತದೆ.

ಮರಿಗಳ ಪಾಡೂ ಸುಖದ್ದಲ್ಲ. ಬೇಗ ಮಾರಿದಷ್ಟೂ ಮೇವಿನ ಖರ್ಚು ಉಳಿಯುವುದರಿಂದ ಹಾಲು ಬಿಡುವ ಮೊದಲೇ ತಾಯಿಯಿಂದ ಬೇರ್ಪಡಿಸುವುದುಂಟು. ಲಸಿಕೆಯಾಗದ ಎಳೆ ಮರಿಗೆ ಪಾರ್ವೊದಂಥ ರೋಗ ತಗಲಿದರೆ ಉಳಿಯುವುದು ಕಷ್ಟ. ರಕ್ತಸಂಬಂಧದಲ್ಲೇ ಮತ್ತೆ ಮತ್ತೆ ಕೂಡಿಸಿದರೆ ಹುಟ್ಟು ದೋಷಗಳು ಹೆಚ್ಚುತ್ತವೆ. ಮೂಗು ಚಪ್ಪಟೆಯಾದ ಪಗ್ ತಳಿಗೆ ಉಸಿರಾಟವೇ ತೊಂದರೆ. ಹಸ್ಕಿ ಚಳಿ ದೇಶದ ನಾಯಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಯಾದಗಿರಿಯ ಬಿಸಿಲಿನಲ್ಲಿ ಇವು ಪಡುವ ಕಷ್ಟವನ್ನು ಯಾರೂ ಊಹಿಸಬಹುದು.

2017ರ ನಿಯಮಗಳು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದು. ಅದರ ಅಡಿಯಲ್ಲಿ ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟಕ್ಕೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮುಖ್ಯಾಂಶಗಳು ಹೀಗಿವೆ:

• ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಲೇಬೇಕು.
• 18 ತಿಂಗಳು ತುಂಬದ ಹೆಣ್ಣು ನಾಯಿಯನ್ನು ಗಬ್ಬ ಮಾಡಿಸುವಂತಿಲ್ಲ.
• 12 ತಿಂಗಳಲ್ಲಿ ಒಂದೇ ಸೂಲು. ಜೀವಮಾನದಲ್ಲಿ ಐದಕ್ಕಿಂತ ಹೆಚ್ಚಿಲ್ಲ.
• ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.
• ಆರು ತಿಂಗಳು ದಾಟಿದ ನಾಯಿಯನ್ನು ಸಂತಾನಹರಣ ಮಾಡಿಸದೆ ಮಾರುವಂತಿಲ್ಲ; ನೋಂದಾಯಿತ ಬ್ರೀಡರ್‌ಗೆ ಮಾರುವಾಗ ಮಾತ್ರ ವಿನಾಯಿತಿ.
• ನಾಯಿಗಳಿಗೆ ಮೈಕ್ರೊಚಿಪ್ ಹಾಕಿಸಬೇಕು. ಲಸಿಕೆ, ಚಿಕಿತ್ಸೆ, ಮಾರಾಟದ ದಾಖಲೆ ಇಡಬೇಕು.
• ಅಂದಕ್ಕಾಗಿ ಬಾಲ, ಕಿವಿ ಕತ್ತರಿಸುವುದು, ಬೊಗಳದಂತೆ ಶಸ್ತ್ರಚಿಕಿತ್ಸೆ ಮಾಡಿಸುವುದು ನಿಷಿದ್ಧ.

ಸಾಕುಪ್ರಾಣಿ ಅಂಗಡಿಗಳಿಗೆ 2018ರಲ್ಲಿ ಬೇರೆ ನಿಯಮಗಳು ಬಂದವು. ಅವುಗಳಿಗೂ ಮಂಡಳಿಯ ನೋಂದಣಿ ಕಡ್ಡಾಯ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕೆಲವು ಉಗ್ರ ತಳಿಗಳನ್ನು ನಿಷೇಧಿಸುವಂತೆ ಸುತ್ತೋಲೆ ಹೊರಡಿಸಿದಾಗ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಗೊಳಿಸಿತು. ರದ್ದಾದದ್ದು ಆ ಸುತ್ತೋಲೆ ಮಾತ್ರ. 2017ರ ನಿಯಮಗಳಿಗೆ ಅದರಿಂದ ಬಾಧೆಯಾಗಿಲ್ಲ.

ಐದು ಅತಿಚಾರಗಳು

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಮನೆಯಲ್ಲಿ ಪ್ರಾಣಿ ಸಾಕುವ ಗೃಹಸ್ಥನಿಂದ ಆಗಬಹುದಾದ ತಪ್ಪುಗಳನ್ನೇ ಅವು ಗುರುತಿಸುತ್ತವೆ. ತಳಿ ವ್ಯಾಪಾರಕ್ಕೆ ಅವನ್ನು ಹೊಂದಿಸಿ ನೋಡಬಹುದು.

ಬಂಧ ಎಂದರೆ ಕಟ್ಟಿಹಾಕುವುದು: ದಿನವಿಡೀ ಇಕ್ಕಟ್ಟಾದ ಪಂಜರದಲ್ಲಿರುವ ನಾಯಿ. ವಧ ಎಂದರೆ ಇಲ್ಲಿ ಹೊಡೆತ, ಹಿಂಸೆ. ಛೇದ ಎಂದರೆ ಅಂಗ ಕತ್ತರಿಸುವುದು: ಡಾಬರ್‌ಮನ್ ಮರಿಯ ಬಾಲ, ಕಿವಿಗಳ ನೆನಪಾಗದೆ ಇರದು. ಅತಿಭಾರಾರೋಪಣ ಎಂದರೆ ಶಕ್ತಿ ಮೀರಿ ಹೊರೆ ಹೇರುವುದು. ಹಳೆಯ ಕಾಲದಲ್ಲಿ ಇದು ಎತ್ತಿನ ಬೆನ್ನಿನ ಹೇರಾಗಿತ್ತು. ಸೂಲಿನ ಮೇಲೆ ಸೂಲು ಹೊರುವ ತಾಯಿ ನಾಯಿಯ ಗರ್ಭಕ್ಕೂ ಅದು ಅಷ್ಟೇ ಅನ್ವಯಿಸುತ್ತದೆ. ಅನ್ನಪಾನನಿರೋಧ ಎಂದರೆ ಹೊತ್ತಿಗೆ ಸರಿಯಾಗಿ ಅನ್ನ ನೀರು ಕೊಡದಿರುವುದು. ಮರಿಗೆ ತಾಯಿಯ ಹಾಲು ತಪ್ಪಿಸುವುದೂ ಇದೇ ಸಾಲಿಗೆ ಸೇರುತ್ತದೆ.

2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಪ್ರಾಣಿಗಳ ಐದು ಸ್ವಾತಂತ್ರ್ಯಗಳನ್ನು ಎತ್ತಿ ಹೇಳಿತು: ಹಸಿವು ಬಾಯಾರಿಕೆ, ಅನಾನುಕೂಲ, ನೋವು ರೋಗ, ಭಯ ಇವುಗಳಿಂದ ಮುಕ್ತಿ ಮತ್ತು ಸಹಜ ಸ್ವಭಾವದಂತೆ ಬಾಳುವ ಅವಕಾಶ. ಐದು ಅತಿಚಾರಗಳನ್ನು ಬಿಟ್ಟವನು ಈ ಸ್ವಾತಂತ್ರ್ಯಗಳಲ್ಲಿ ಬಹುಪಾಲನ್ನು ತಾನಾಗಿಯೇ ಕಾಪಾಡಿದಂತಾಗುತ್ತದೆ.

ನಮ್ಮ ನಾಡಿನ ತಳಿಗೂ ಇದೇ ಮಾತು

ವಿದೇಶಿ ತಳಿಗಳಿಗೆ ಮಾತ್ರ ಈ ತೊಂದರೆ ಎಂದುಕೊಳ್ಳಬಾರದು. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕರ್ನಾಟಕದ ಹೆಮ್ಮೆ. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ದೇಶಿ ತಳಿಗಳನ್ನು ಸಾಕಿರಿ ಎನ್ನುತ್ತ ಮುಧೋಳ ನಾಯಿಯ ಹೆಸರನ್ನೂ ಹೇಳಿದರು. ಹೆಸರು ಬಂದಾಗ ಬೇಡಿಕೆ ಬರುತ್ತದೆ; ಬೇಡಿಕೆ ಬಂದಾಗ ತಾಯಿ ನಾಯಿಯ ಮೇಲಿನ ಹೊರೆಯೂ ಹೆಚ್ಚಬಹುದು. ಬಯಲಲ್ಲಿ ಓಡಲೆಂದೇ ಹುಟ್ಟಿದ ಈ ನಾಯಿಯನ್ನು ಪೇಟೆಯ ಮನೆಯ ಮೆಟ್ಟಿಲಡಿ ಕಟ್ಟುವುದೂ ಬಂಧವೇ.

ಕಾನೂನಿನ ಕೊರತೆ

1960ರ ಕಾಯ್ದೆಯ 11ನೇ ಕಲಮಿನಡಿ ಮೊದಲ ಸಲದ ಕ್ರೌರ್ಯಕ್ಕೆ ದಂಡ 10ರಿಂದ 50 ರೂಪಾಯಿ. ಒಂದು ಮರಿಯ ಬೆಲೆಯ ಮುಂದೆ ಇದು ಏನೂ ಅಲ್ಲ. ನೋಂದಣಿ ಮಂಡಳಿ ಇರುವುದು ಬೆಂಗಳೂರಿನಲ್ಲಿ. ಮನೆಯ ಹಿಂದಿನ ಶೆಡ್ಡಿನಲ್ಲಿ, ಮೊಬೈಲ್ ಮೂಲಕ ನಡೆಯುವ ವ್ಯಾಪಾರ ಅದರ ಕಣ್ಣಿಗೆ ಬೀಳುವುದು ಕಷ್ಟ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ‘ಲೂಸಿ ಕಾನೂನು’ ಜಾರಿಯಲ್ಲಿದೆ. ಅದರಂತೆ ಆರು ತಿಂಗಳೊಳಗಿನ ಮರಿಯನ್ನು ದಲ್ಲಾಳಿಗಳು, ಅಂಗಡಿಗಳು ಮಾರುವಂತಿಲ್ಲ; ಸಾಕಿದವರಿಂದಲೇ ಕೊಳ್ಳಬೇಕು, ಇಲ್ಲವೆ ಆಶ್ರಯಧಾಮದಿಂದ ತರಬೇಕು. ಮರಿ ಮಾಡಿಸುವ ಕಡೆ ನರಳಿದ್ದ ಲೂಸಿ ಎಂಬ ತಾಯಿ ನಾಯಿಯ ಹೆಸರೇ ಆ ಕಾನೂನಿಗೆ ಬಂತು. ತಾಯಿಯನ್ನು ಕಣ್ಣಾರೆ ನೋಡಿ ಮರಿ ತರುವ ಪದ್ಧತಿ ಇಲ್ಲಿಯೂ ಬಂದರೆ ಅರ್ಧ ಕ್ರೌರ್ಯ ನಿಲ್ಲುತ್ತದೆ.

ಕೊಳ್ಳುವವರ ಪಾಲು

ಜೈನ ಧರ್ಮದಲ್ಲಿ ಕೃತ, ಕಾರಿತ, ಅನುಮೋದನೆ ಮೂರರಿಂದಲೂ ಕರ್ಮಬಂಧ. ತಾನು ನಾಯಿಗೆ ಹೊಡೆಯಲಿಲ್ಲ ಎಂದರೆ ಸಾಲದು. ಹಿಂಸೆಯಿಂದ ಬಂದ ಮರಿಗೆ ಹಣ ಕೊಟ್ಟವರು ಮುಂದಿನ ಸೂಲಿಗೆ ಕಾರಣರಾಗುತ್ತಾರೆ. 12ನೇ ಶತಮಾನದ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕರು ಬಿಡಬೇಕಾದ ಹದಿನೈದು ಕರ್ಮಾದಾನಗಳನ್ನು ವಿವರಿಸುವಾಗ, ಹಣಕ್ಕಾಗಿ ನಾಯಿ, ಬೆಕ್ಕು, ಗಿಳಿ ಮುಂತಾದವನ್ನು ಸಾಕುವುದನ್ನು ‘ಅಸತೀಪೋಷಣ’ದಲ್ಲಿ ಸೇರಿಸಿದ್ದಾರೆ. ಇದನ್ನು ಲಾಭದ ಉಪಕಸುಬೆಂದು ನೋಡುವ ಯುವಕರೂ, ಇಂಥ ವ್ಯಾಪಾರಕ್ಕೆ ಮಳಿಗೆ ಬಾಡಿಗೆ ಕೊಡುವವರೂ ಈ ಮಾತನ್ನು ಯೋಚಿಸಬೇಕು.

ಮನೆಗೆ ನಾಯಿ ಬೇಕೇ ಬೇಕೆನಿಸಿದರೆ ಮೊದಲ ಆಯ್ಕೆ ಬೀದಿಯ ಅನಾಥ ಮರಿ. ಅದು ಇಲ್ಲಿನ ಬಿಸಿಲಿಗೆ ಒಗ್ಗಿರುತ್ತದೆ. ಸಮೀಪದ ಪಶು ಆಸ್ಪತ್ರೆಯಲ್ಲಿ ತೋರಿಸಿ ಲಸಿಕೆ ಹಾಕಿಸಿದರೆ ಸಾಕು. ಕೊಳ್ಳುವುದೇ ಆದರೆ ನೋಂದಣಿ ಪತ್ರ, ಮರಿಯ ವಯಸ್ಸು, ಲಸಿಕೆ ದಾಖಲೆ ಕೇಳಬೇಕು. ತಾಯಿ ನಾಯಿಯನ್ನು ಅದು ಇರುವ ಜಾಗದಲ್ಲೇ ನೋಡಬೇಕು. ತೋರಿಸಲು ಒಪ್ಪದವರಲ್ಲಿ ವ್ಯವಹಾರ ಬೇಡ. ಕ್ರೌರ್ಯ ಕಂಡರೆ ಪೊಲೀಸ್ ಠಾಣೆಗೆ, ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಅಥವಾ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಗೆ ಲಿಖಿತ ದೂರು ಕೊಡಬಹುದು.

ಕನ್ನಡದ ಜೈನ ಕವಿ ಭಾಸ್ಕರ 1424ರಲ್ಲಿ ರಚಿಸಿದ ಜೀವಂಧರ ಚರಿತೆಯ ಕಥಾನಾಯಕನನ್ನು ಸಮಾಜದ ಹಿರಿಯರು ಬಲ್ಲರು. ಏಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯ ಬಳಿ ಕುಳಿತು ಜೀವಂಧರ ಪಂಚನಮಸ್ಕಾರ ಮಂತ್ರ ಕೇಳಿಸಿದ. ಆ ಜೀವ ಸುದರ್ಶನ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಯಿತು. ನಾಯಿಯ ದೇಹದಲ್ಲೂ ಭವ್ಯ ಜೀವವನ್ನು ಕಂಡ ಪರಂಪರೆಯ ಮನೆಗಳು ಮರಿಯನ್ನು ಬರಮಾಡಿಕೊಳ್ಳುವಾಗ ಅದರ ತಾಯಿಯನ್ನೂ ವಿಚಾರಿಸಿಕೊಳ್ಳಬೇಕು.