ಭೀಮೆಯ ದಡದ ಗಾಣಗಾಪುರ

ಪ್ರಶ್ನೆ: ನಮ್ಮ ಜೇವರ್ಗಿಯಲ್ಲೂ ಭೀಮಾ ನದಿ ಹರಿಯುತ್ತದೆ. ಆದರೆ ಜನ ಗಾಣಗಾಪುರಕ್ಕೇ ಹೋಗಿ ಮೀಯುವುದೇಕೆ? ಅಲ್ಲಿ ನೋಡುವಂಥದ್ದೇನಿದೆ?

ಉತ್ತರ: ಆಳಂದ ಸೀಮೆಯಿಂದ ಇಳಿದು ಬರುವ ಅಮರ್ಜಾ, ಭೀಮೆಯನ್ನು ಕೂಡುವುದು ಅಫಜಲಪುರ ತಾಲ್ಲೂಕಿನ ಈ ಊರ ಬಳಿ. ಮೀಯುವುದು ಆ ಸಂಗಮದಲ್ಲಿ. ದತ್ತಾತ್ರೇಯರ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಯವರು ವಿದರ್ಭದ ಕಾರಂಜಾದಲ್ಲಿ ಹುಟ್ಟಿದವರು. ಕೃಷ್ಣಾ ತೀರದ ನರಸೋಬವಾಡಿಯಲ್ಲಿದ್ದು, ಆಮೇಲೆ ಇಲ್ಲಿಗೆ ಬಂದು ಬಹುಕಾಲ ನೆಲೆಸಿದರು. ಕೊನೆಗೆ ಶ್ರೀಶೈಲದತ್ತ ಹೊರಟಾಗ ತಮ್ಮ ಪಾದುಕೆಗಳನ್ನು ಬಿಟ್ಟುಹೋದರೆಂಬುದು ನಂಬಿಕೆ. ಊರೊಳಗಿನ ಮಠದಲ್ಲಿ ಆ ನಿರ್ಗುಣ ಪಾದುಕೆಗಳ ದರ್ಶನ ಸಣ್ಣ ಕಿಂಡಿಯ ಮೂಲಕ.

ಅವರ ಕಥೆ ಹೇಳುವ ‘ಗುರುಚರಿತ್ರೆ’ ಮರಾಠಿಯಲ್ಲಿದೆ. ಮಹಾರಾಷ್ಟ್ರದ ಯಾತ್ರಿಕರು ಇಲ್ಲಿ ಅಷ್ಟೊಂದು ಕಾಣುವುದು ಅದರಿಂದಲೇ. ಅಂಗಡಿಯವರಿಗೂ ಕನ್ನಡ, ಮರಾಠಿ ಎರಡೂ ಸಲೀಸು. ಸಂಗಮದ ಔದುಂಬರ, ಅಂದರೆ ಅತ್ತಿಮರದ ಕೆಳಗೆ ಆ ಗ್ರಂಥದ ಪಾರಾಯಣಕ್ಕೆ ಕೂತವರನ್ನು ನೋಡಬಹುದು. ಹತ್ತಿರವೇ ಭಸ್ಮದ ಗುಡ್ಡವಿದೆ.

ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಮಧುಕರಿ. ಮಧ್ಯಾಹ್ನ ಸಿರಿವಂತರೂ ಜೋಳಿಗೆ ಹಿಡಿದು ಐದು ಮನೆ ಭಿಕ್ಷೆ ಬೇಡುತ್ತಾರೆ. ಗುರುಗಳು ಇಂದಿಗೂ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾರೆಂದು ನಂಬುವ ಊರು, ಬಂದವರಿಗೆ ಇಲ್ಲವೆನ್ನುವುದಿಲ್ಲ.

ರೈಲಿನಲ್ಲಿ ಬರುವವರು ಸೊಲ್ಲಾಪುರ–ವಾಡಿ ಮಾರ್ಗದ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಊರು ಅಲ್ಲಿಂದ ಇನ್ನೂ ದೂರ. ಮಳೆಗಾಲದಲ್ಲಿ ಭೀಮೆ ತುಂಬಿದ್ದರೆ ನೀರಿಗಿಳಿಯಬೇಡಿ.