ಕಂಪನಿ ಸರ್ಕಾರದ್ದು, ತಪ್ಪು ಯಾರದ್ದು?



ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ರೆಡ್ಮಂಡ್, ಬೆಲ್‌ವ್ಯೂ, ಸಿಯಾಟಲ್‌ಗಳಲ್ಲಿ ಸಾಫ್ಟ್‌ವೇರ್ ಬರೆಯುವವರು. ನಾನು ಲೆಕ್ಕ ಬರೆಯುವವನು, ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ ಇಲ್ಲಿಗೆ ಬಂದವನು. ನಿಮ್ಮ ಪ್ರೋಗ್ರಾಂ ಕೊಡುವ ಮೊತ್ತವನ್ನು ನಂಬಿ ಸಹಿ ಹಾಕುವುದು ನನ್ನಂಥವರ ಕೆಲಸ. ಹಾಗಾಗಿ ನಮ್ಮಿಬ್ಬರಿಗೂ ಸೇರಿದ ಒಂದು ವಿಷಯ ಆರಿಸಿಕೊಂಡಿದ್ದೇನೆ. ಅದು ಬ್ರಿಟನ್ನಿನ ಅಂಚೆ ಕಂಪನಿಯ ‘ಹೊರೈಜನ್’ ಪ್ರಕರಣ. ಅದರಲ್ಲೂ, ಸರ್ಕಾರ ತನ್ನದೇ ಕಂಪನಿಯಿಂದ ದೂರ ನಿಂತದ್ದು ಹೇಗೆ ಎಂಬ ಪ್ರಶ್ನೆ.

ಬ್ರಿಟನ್ನಿನಲ್ಲಿ ಅಂಚೆ ಕಚೇರಿ ನಡೆಸುವ ಸಬ್ ಪೋಸ್ಟ್‌ಮಾಸ್ಟರ್‌ಗಳು ಸರ್ಕಾರಿ ನೌಕರರಲ್ಲ. ಬಹಳಷ್ಟು ಮಂದಿ ಅಂಗಡಿಯ ಮೂಲೆಯಲ್ಲಿ ಕೌಂಟರ್ ಇಟ್ಟುಕೊಂಡವರು. ಅವರಲ್ಲಿ ಭಾರತ ಮೂಲದವರೂ ಇದ್ದಾರೆ. 1999ರಿಂದ ಅವರ ಲೆಕ್ಕವೆಲ್ಲ ಹೊರೈಜನ್‌ಗೆ ಬಂತು. ಅದನ್ನು ತಯಾರಿಸಿದ್ದು ಫುಜಿತ್ಸು ಒಡೆತನದ ಐ.ಸಿ.ಎಲ್. ಆಮೇಲೆ ಪರದೆ ತೋರಿಸುವ ಮೊತ್ತಕ್ಕೂ ಗಲ್ಲಾಪೆಟ್ಟಿಗೆಯ ನಗದಿಗೂ ತಾಳೆಯಾಗದ ಕಚೇರಿಗಳು ಹೆಚ್ಚತೊಡಗಿದವು. ಕಂಪನಿ ಕರಾರನ್ನು ಮುಂದಿಟ್ಟು, ಕೊರತೆಯನ್ನು ನೀವೇ ತುಂಬಿ ಎಂದಿತು. ಸಹಾಯವಾಣಿಗೆ ಫೋನ್ ಮಾಡಿದ ಹಲವರಿಗೆ, ಈ ತೊಂದರೆ ನಿಮ್ಮೊಬ್ಬರಿಗೇ ಇರುವುದು ಎಂಬ ಉತ್ತರ ಸಿಕ್ಕಿತು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಅಪರಾಧಿಗಳೆನಿಸಿದರು. ಬಹುಪಾಲು ಮೊಕದ್ದಮೆ ಹೂಡಿದ್ದು ಕಂಪನಿಯೇ. ಗರ್ಭಿಣಿಯೊಬ್ಬರು ಜೈಲಿಗೆ ಹೋದರು.

ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಮೊದಲೇ ಭಾವಿಸಿಕೊಳ್ಳುತ್ತಾರೆ. ಅಲ್ಲವೆಂದು ಅನುಮಾನ ಎಬ್ಬಿಸುವ ಹೊರೆ ಆರೋಪಿಯದು. ಆದರೆ ಲಾಗ್‌ಗಳಿದ್ದದ್ದು ಕಂಪನಿಯ ಮತ್ತು ಫುಜಿತ್ಸುವಿನ ಕೈಯಲ್ಲಿ.

ಈಗ ಸರ್ಕಾರದ ಮಾತಿಗೆ ಬರೋಣ. ಅಂಚೆ ಕಂಪನಿಯ ಒಡೆತನ ಪೂರ್ತಿ ಸರ್ಕಾರದ್ದು. ಹೋರಾಟದ ಮುಂದಾಳು ಅಲನ್ ಬೇಟ್ಸ್ 2010ರಲ್ಲಿ ಅಂಚೆ ಸಚಿವ ಎಡ್ ಡೇವಿ ಅವರನ್ನು ಭೇಟಿಗೆ ಕೇಳಿದರು. ಕಂಪನಿಯೊಂದಿಗೆ ಸರ್ಕಾರದ ಸಂಬಂಧ ‘ಆರ್ಮ್ಸ್ ಲೆಂತ್’ನದು, ಭೇಟಿಯಿಂದ ಪ್ರಯೋಜನವಿಲ್ಲ ಎಂಬ ಅರ್ಥದ ಉತ್ತರ ಬಂತು. ಅಕ್ಟೋಬರ್‌ನಲ್ಲಿ ಭೇಟಿಯೇನೋ ಆಯಿತು. ಆದರೆ ಹೊರೈಜನ್ ಸರಿಯಿದೆ ಎಂಬ ಕಂಪನಿಯ ಮಾತನ್ನೇ ಸಚಿವಾಲಯ ನಂಬಿತು. ಡೇವಿ ಆಮೇಲೆ ಕ್ಷಮೆ ಕೇಳಿದ್ದಾರೆ. ಮುಂದಿನ ಸಚಿವರ ಕಾಲದಲ್ಲೂ ದೂರ ಮಾತ್ರ ಕಡಿಮೆಯಾಗಲಿಲ್ಲ.

‘ಆರ್ಮ್ಸ್ ಲೆಂತ್’ ಎಂದರೆ ಒಂದು ತೋಳಿನಷ್ಟು ದೂರ. ನಮ್ಮ ವೃತ್ತಿಯಲ್ಲಿ ದಿನಾ ಬಳಸುವ ಮಾತು. ಒಂದೇ ಗುಂಪಿನ ಎರಡು ಕಂಪನಿಗಳು ವ್ಯವಹರಿಸುವಾಗ, ಅಪರಿಚಿತರ ನಡುವೆ ಇರುವಂಥ ಬೆಲೆಯನ್ನೇ ಹಾಕಿಕೊಳ್ಳಬೇಕು ಎನ್ನುತ್ತದೆ ತೆರಿಗೆ ಕಾನೂನು. ಗಮನಿಸಿ, ಸಂಬಂಧ ಇದೆ ಎಂದು ಒಪ್ಪಿಕೊಂಡ ಮೇಲೇ ಈ ನಿಯಮ ಹುಟ್ಟುತ್ತದೆ. ಸಂಬಂಧವೇ ಇಲ್ಲ ಎನ್ನಲು ಅದನ್ನು ಬಳಸುವಂತಿಲ್ಲ.

ಸರ್ಕಾರಿ ಕಂಪನಿಗೂ ಇಂಥ ದೂರ ಬೇಕು, ನಿಜ. ಯಾವ ಊರಲ್ಲಿ ಕೌಂಟರ್ ತೆರೆಯಬೇಕೆಂದು ಸಚಿವರು ಮತ ಎಣಿಸಿ ಹೇಳಬಾರದು. ಆದರೆ ಅದೇ 2010ರಲ್ಲಿ ಸರ್ಕಾರ ಈ ಕಂಪನಿಗೆ 134 ಕೋಟಿ ಪೌಂಡ್ ನೆರವು ಘೋಷಿಸಿತು. 2012ರಿಂದ ಸರ್ಕಾರದ ಪ್ರತಿನಿಧಿಯೊಬ್ಬರು ನಿರ್ದೇಶಕ ಮಂಡಳಿಯಲ್ಲೂ ಕೂತರು. ದುಡ್ಡಿಗೆ ಇಲ್ಲದ ದೂರ ದೂರಿಗೆ ಮಾತ್ರ ಬಂತು.

2019ರ ಡಿಸೆಂಬರ್‌ನಲ್ಲಿ, 555 ಮಂದಿ ಹೂಡಿದ ದಾವೆಯಲ್ಲಿ, ಹೊರೈಜನ್‌ನಲ್ಲಿ ದೋಷಗಳಿದ್ದವೆಂದೂ ಶಾಖೆಯ ಲೆಕ್ಕವನ್ನು ಫುಜಿತ್ಸು ದೂರದಿಂದಲೇ ತಿದ್ದಬಹುದಿತ್ತೆಂದೂ ಹೈಕೋರ್ಟ್ ಹೇಳಿತು. ಒಪ್ಪಂದದಲ್ಲಿ ಸಿಕ್ಕಿದ 5.775 ಕೋಟಿ ಪೌಂಡಿನಲ್ಲಿ ಬಹುಪಾಲು ದಾವೆಯ ಖರ್ಚಿಗೇ ಹೋಯಿತು. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಒಂದೇ ದಿನ 39 ಮಂದಿಯ ಶಿಕ್ಷೆ ರದ್ದು ಮಾಡಿತು. ಟಿ.ವಿ. ಧಾರಾವಾಹಿಯೊಂದು ದೇಶವನ್ನೇ ಕೆರಳಿಸಿದ ಮೇಲೆ, 2024ರ ಮೇನಲ್ಲಿ ಸಂಸತ್ತು ನೂರಾರು ಶಿಕ್ಷೆಗಳನ್ನು ಕಾನೂನಿನ ಮೂಲಕವೇ ಅಳಿಸಿತು. ಕನಿಷ್ಠ 13 ಮಂದಿ ಇದೇ ಕಾರಣಕ್ಕೆ ಜೀವ ಕಳೆದುಕೊಂಡಿರಬಹುದು ಎನ್ನುತ್ತದೆ 2025ರ ಜುಲೈನಲ್ಲಿ ಬಂದ ವಿಚಾರಣಾ ವರದಿ.

ಬೇರೆಯವರ ಮೇಲೆ ಬೆರಳು ತೋರಿಸುವ ಮೊದಲು ನನ್ನದೊಂದು ಮಾತು ಹೇಳಬೇಕು. ನಾನು ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುತ್ತಿದ್ದಾಗ ಆಡಿಟ್‌ಗೆ ಹೋದ ಸಗಟು ಮಳಿಗೆಯೊಂದರಲ್ಲಿ ಕ್ಯಾಶಿಯರ್ ಬಳಿ ಹನ್ನೊಂದು ಸಾವಿರ ರೂಪಾಯಿ ಕಡಿಮೆಯಿತ್ತು. ಹಾಸನದ ಕಡೆಯ ಹಿರಿಯರು. “ಮೂರು ಸಲ ಎಣಿಸಿದೀನಿ ಸಾರ್, ದುಡ್ಡು ಬಂದಿರೋದೇ ಇಷ್ಟು” ಅಂದರು. ನಾನು ಪ್ರಿಂಟ್‌ಔಟ್ ತೋರಿಸಿ “ಕಂಪ್ಯೂಟರ್ ಸುಳ್ಳು ಹೇಳಲ್ಲ ಯಜಮಾನ್ರೇ” ಎಂದೆ. ಮರುವರ್ಷ ಅದೇ ಲೆಕ್ಕ ತಿರುವುವಾಗ ಒಂದು ರಸೀದಿ ಎರಡು ಸಲ ಏರಿದ್ದು ಕಂಡಿತು. ಅಷ್ಟರಲ್ಲಿ ಅವರು ಹಣ ತುಂಬಿ, ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಮಾಲೀಕರಿಗೆ ತಿಳಿಸಿದೆ. ಅವರನ್ನು ಹುಡುಕಿ ಹೇಳುವುದು ಆಡಿಟ್‌ನ ವ್ಯಾಪ್ತಿಯಲ್ಲವೆಂದು ಸುಮ್ಮನಾದೆ. ಅದು ನನ್ನ ಆರ್ಮ್ಸ್ ಲೆಂತ್.

ಅಂದಿನಿಂದ ಯಾವ ಕೊರತೆ ಕಂಡರೂ ಮೂರು ಪ್ರಶ್ನೆ ಕೇಳುತ್ತೇನೆ. ಈ ಲೆಕ್ಕವನ್ನು ಇವರಲ್ಲದೆ ಬೇರೆ ಯಾರು ತಿದ್ದಬಹುದು? ಇಂಥದ್ದೇ ದೂರು ಇನ್ನೆಲ್ಲಿ ಬಂದಿದೆ? ಇವರು ತುಂಬಿದ ಹಣ ಕೊನೆಗೆ ಯಾರ ಖಾತೆಗೆ ಸೇರಿತು? ಮೊದಲೆರಡಕ್ಕೆ ಉತ್ತರ ನಿಮ್ಮ ಲಾಗ್‌ಗಳಲ್ಲಿದೆ, ಮೂರನೆಯದಕ್ಕೆ ನಮ್ಮ ಪುಸ್ತಕಗಳಲ್ಲಿ. ಸೋಮವಾರ ಕೆಲಸಕ್ಕೆ ಹೋದಾಗ, ಯಾರೋ ಒಬ್ಬರು ಕಳಿಸಿದ ಹಳೆಯ ದೂರೊಂದನ್ನು ಮತ್ತೊಮ್ಮೆ ತೆರೆದು ನೋಡಿ.