ಕರುವಿಗೆ ಗಿಣ್ಣು, ಕೂಸಿಗೆ ಮೊದಲ ಹಾಲು

ಎರಡು ವರ್ಷಗಳ ಹಿಂದೆ ರಾಗಿ ಪ್ರಾತ್ಯಕ್ಷಿಕೆಯ ತಾಕನ್ನು ನೋಡಲು ಒಂದು ಹಳ್ಳಿಗೆ ಹೋಗಿದ್ದೆ. ಆ ರೈತರ ಕೊಟ್ಟಿಗೆಯಲ್ಲಿ ಹಸು ಆಗತಾನೆ ಕರು ಹಾಕಿತ್ತು. ಮನೆಯ ಅಜ್ಜಿ ತಡವರಿಸುತ್ತಿದ್ದ ಕರುವನ್ನು ಹಿಡಿದು ಕೆಚ್ಚಲಿಗೆ ಹಚ್ಚುತ್ತಿದ್ದರು. “ಇಷ್ಟು ಬೇಗ ಕುಡಿಸ್ತೀರಾ ಅಜ್ಜಿ?” ಎಂದೆ. “ಗಿಣ್ಣು ಕುಡಿಸದಿದ್ರೆ ಕರು ಉಳೀತದೇನವ್ವಾ?” ಎಂದರು.

ಒಳಗೆ ಅದೇ ಅಜ್ಜಿಯ ಮೊಮ್ಮಗಳು ಬಾಣಂತಿ. ಆಸ್ಪತ್ರೆಯಿಂದ ಹಿಂದಿನ ದಿನ ಬಂದಿದ್ದಳು. ಹಳದಿ ಹಾಲನ್ನು ಬಟ್ಟೆಗೆ ಹಿಂಡಿ ಚೆಲ್ಲಿ, ಮಗುವಿಗೆ ಹತ್ತಿಯಲ್ಲಿ ಸಕ್ಕರೆ ನೀರು ಹಿಂಡುತ್ತಿದ್ದರು. “ಆ ಹಾಲು ಕೆಟ್ಟದ್ದು, ಕೂಸಿಗೆ ಅರಗಲ್ಲ” ಎಂಬುದು ಅಜ್ಜಿಯ ಉತ್ತರ. ಕೊಟ್ಟಿಗೆಯಲ್ಲಿ ತಿಳಿದ ವಿಷಯ ನಡುಮನೆಯಲ್ಲಿ ಮರೆತುಹೋಗುವುದೇಕೆ?

ನಾನು ವೈದ್ಯಳಲ್ಲ, ಬೇಸಾಯಶಾಸ್ತ್ರದ ಅಧ್ಯಾಪಕಿ. ಆದರೆ ರೈತ ಮಹಿಳೆಯ ದುಡಿಮೆಯನ್ನು ಬಲ್ಲೆ. ಹಾಲುಣಿಸುವಿಕೆ ತಾಯಿಯೊಬ್ಬಳ ಕೆಲಸವಲ್ಲ, ಇಡೀ ಮನೆ ಮೊದಲೇ ಸಿದ್ಧವಾಗಬೇಕಾದ ಕೆಲಸ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲ ಹಾಲಿನ ಮಹತ್ವ

ಹೆರಿಗೆಯಾದ ಮೊದಲ 2-3 ದಿನ ಬರುವ ಹಾಲು ಹಳದಿಯಾಗಿ, ಮಂದವಾಗಿ, ಸ್ವಲ್ಪವೇ ಇರುತ್ತದೆ. ಇದು ಕೆಟ್ಟ ಹಾಲಲ್ಲ. ರೋಗ ತಡೆಯುವ ಅಂಶಗಳು ಇದರಲ್ಲಿ ಹೇರಳವಾಗಿವೆ. ಕರುವಿಗೆ ತಾಯಿಯ ಗರ್ಭದಲ್ಲಿ ರೋಗನಿರೋಧಕ ಅಂಶಗಳು ದೊರೆಯುವುದಿಲ್ಲ, ಆದ್ದರಿಂದ ಅದಕ್ಕೆ ಗಿಣ್ಣೇ ಆಧಾರ. ಮನುಷ್ಯರ ಕೂಸಿಗೆ ಇವು ಗರ್ಭದಲ್ಲಿಯೇ ಸ್ವಲ್ಪಮಟ್ಟಿಗೆ ದೊರೆಯುತ್ತವೆ. ಆದರೂ ಕರುಳು ಮತ್ತು ಗಂಟಲಿನ ರಕ್ಷಣೆಗೆ ಮೊದಲ ಹಾಲು ಅತ್ಯವಶ್ಯಕ. ಇದು ಮಗುವಿನ ಹೊಟ್ಟೆಯ ಕಪ್ಪು ಮಲವನ್ನೂ ಹೊರಹಾಕಿಸುತ್ತದೆ. ಹರಳೆಣ್ಣೆ ಬೇಕಿಲ್ಲ.

“ಹಾಲು ಸಾಲದು” ಎಂದು ಹೆದರಬೇಡಿ. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಸುಮಾರು ಒಂದು ಟೀ ಚಮಚ ಹಾಲು ಸಾಕು.

ಹುಟ್ಟಿದ 1 ಗಂಟೆಯೊಳಗೆ ಎದೆಹಾಲು ಕೊಡಬೇಕು, 6 ತಿಂಗಳು ತುಂಬುವವರೆಗೆ ಎದೆಹಾಲನ್ನು ಮಾತ್ರ ಕೊಡಬೇಕು, ನಂತರ ಮೆದು ಆಹಾರದ ಜೊತೆಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮೊದಲ ಗಂಟೆಯಲ್ಲಿ ಎದೆಹಾಲು ಕುಡಿದ ಮಕ್ಕಳು ಶೇಕಡ 41.8 ಮಾತ್ರ.

ಹೆರಿಗೆಗೆ ಮುನ್ನ ಸಿದ್ಧತೆ

ಬಿತ್ತನೆಗೆ ಮುನ್ನ ಭೂಮಿ ಹದ ಮಾಡುವಂತೆ ಇದಕ್ಕೂ ಸಿದ್ಧತೆ ಬೇಕು.

1. ಹೆರಿಗೆಯ ತಿಂಗಳು ನಾಟಿ, ಕಳೆ ಅಥವಾ ಕೊಯ್ಲಿಗೆ ಬೀಳುವುದೇ ಎಂದು ಲೆಕ್ಕ ಹಾಕಿ. ಆಕೆಯ ಪಾಲಿನ ಕೆಲಸ ಯಾರಿಗೆ, ಎಷ್ಟು ಆಳು ಬೇಕು ಎಂಬುದನ್ನು ಮನೆಯ ಯಜಮಾನರು 2 ತಿಂಗಳು ಮೊದಲೇ ತೀರ್ಮಾನಿಸಬೇಕು.

2. ಬಾಣಂತನ ಮಾಡುವ ತಾಯಿ ಅಥವಾ ಅತ್ತೆಯವರನ್ನು ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲಿ ಕರೆದೊಯ್ಯಿರಿ. ಸಕ್ಕರೆ ನೀರು, ಜೇನುತುಪ್ಪ, ಕತ್ತೆ ಹಾಲು ಬೇಡವೆಂಬ ಮಾತನ್ನು ಅವರೂ ಕೇಳಲಿ.

3. ಮೊಲೆತೊಟ್ಟು ಒಳಸೇರಿದ್ದರೆ ನರ್ಸಮ್ಮನವರಿಗೆ ತಿಳಿಸಿ. ಇಂಥವರೂ ಸ್ವಲ್ಪ ಸಹಾಯ ದೊರೆತರೆ ಹಾಲುಣಿಸಬಲ್ಲರು.

4. ಹುಟ್ಟಿದ ಕೂಡಲೇ ಮಗುವನ್ನು ಎದೆಯ ಮೇಲೆ ಮಲಗಿಸಲು ಆಸ್ಪತ್ರೆಯವರನ್ನು ಮೊದಲೇ ಕೇಳಿಕೊಳ್ಳಿ. ಶಸ್ತ್ರಚಿಕಿತ್ಸೆಯ ಹೆರಿಗೆಯಾದರೂ ತಾಯಿಗೆ ಎಚ್ಚರವಿದ್ದರೆ ಇದು ಸಾಧ್ಯ.

ಕುಡಿಸುವ ಕ್ರಮ

ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿಕೊಳ್ಳಬೇಕು. ಮಗು ಬಾಯನ್ನು ಅಗಲವಾಗಿ ತೆರೆದಾಗ ಎದೆಗೆ ಹಚ್ಚಬೇಕು. ತೊಟ್ಟಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಬರಬೇಕು, ಗಲ್ಲ ಮೊಲೆಗೆ ತಾಗಿರಬೇಕು. ನೋವು ಮುಂದುವರಿದರೆ ಹಿಡಿತ ಸರಿಯಿಲ್ಲವೆಂದು ಅರ್ಥ. ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಚ್ಚಿ.

ಒರತೆಯ ಬಾವಿಯಲ್ಲಿ ಸೇದಿದಷ್ಟೂ ನೀರು ಊರುವಂತೆ, ಮಗು ಕುಡಿದಷ್ಟೂ ಹಾಲು ಊರುತ್ತದೆ. ಹಗಲು ರಾತ್ರಿ ಸೇರಿ 8ರಿಂದ 12 ಸಲ ಕುಡಿಸಬೇಕು. ಬಾಟಲಿ ಹಾಲು ಕೊಟ್ಟಷ್ಟೂ ಎದೆಹಾಲು ಕಡಿಮೆಯಾಗುತ್ತದೆ.

ಬಾಣಂತಿಗೆ ನೀರು ಕೊಡಬಾರದೆಂಬುದು ತಪ್ಪು ತಿಳುವಳಿಕೆ. ಬಾಯಾರಿದಾಗಲೆಲ್ಲ ಕುಡಿಯಲಿ. ಮೊದಲ 6 ತಿಂಗಳು ಆಕೆಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿನ ಆಹಾರ ಬೇಕು. ರಾಗಿ ಮುದ್ದೆ, ಬೇಳೆ, ಸೊಪ್ಪು, ಕಡಲೆಕಾಯಿ, ಹಾಲು, ಮೊಟ್ಟೆ, ಎಲ್ಲವೂ ಒಳ್ಳೆಯವೇ.

ಹಾಲು ಸಾಲುತ್ತಿದೆಯೇ?

ಐದನೆಯ ದಿನದ ನಂತರ ಮಗು ದಿನಕ್ಕೆ 6 ಅಥವಾ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಸಾಮಾನ್ಯವಾಗಿ 2 ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತೂಗಿಸಿ. ಮಗು ಮಂಕಾಗಿ ಕುಡಿಯದಿದ್ದರೆ, ಉಚ್ಚೆ ಕಡಿಮೆಯಾದರೆ, ಮೈ ಬಹಳ ಹಳದಿಯಾದರೆ ಅಥವಾ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ತಾಯಿಯ ಮೊಲೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೂ ಹಾಲುಣಿಸುವುದನ್ನು ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ಹೊಲಕ್ಕೆ ಮರಳುವಾಗ

ಕೆಲಸಕ್ಕೆ ಹೋಗಲೇಬೇಕಾದರೆ ಮಗುವನ್ನು ಹತ್ತಿರದ ನೆರಳಿನಲ್ಲಿ ಒಬ್ಬರ ನಿಗಾದಲ್ಲಿಡಿ. ಅದು ಆಗದಿದ್ದರೆ, ತೊಳೆದ ಕೈಯಿಂದ ಶುದ್ಧ ಪಾತ್ರೆಗೆ ಹಾಲು ಹಿಂಡಿ, ಮುಚ್ಚಿ ತಂಪಾದ ಜಾಗದಲ್ಲಿಟ್ಟು 4 ಗಂಟೆಯೊಳಗೆ ಲೋಟ ಅಥವಾ ಒಳಲೆಯಲ್ಲಿ ಕುಡಿಸಬಹುದು. ಹಾಲೂಡುವ ತಾಯಿ ಕೀಟನಾಶಕ ಬೆರೆಸುವ, ಸಿಂಪಡಿಸುವ ಕೆಲಸಕ್ಕೆ ಹೋಗಬಾರದು. ಸಿಂಪಡಿಸಿದವರು ಮೈ ತೊಳೆದು ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಮುಟ್ಟಬೇಕು.

ಆ ದಿನ ಅಜ್ಜಿಗೆ ನಾನು ಹೇಳಿದ್ದು ಇಷ್ಟೇ: “ಕರುವಿಗೆ ಮಾಡಿದ್ದನ್ನೇ ಮರಿಮೊಮ್ಮಗಳಿಗೂ ಮಾಡಿ.” ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಕ್ಕರೆ ನೀರಿನ ಬಟ್ಟಲನ್ನು ಆಚೆ ಸರಿಸಿದರು. ಸಂಜೆ ಬಂದ ಆಶಾ ಕಾರ್ಯಕರ್ತೆ ಮಗುವನ್ನು ಎದೆಗೆ ಹಚ್ಚುವ ಕ್ರಮ ತೋರಿಸಿದರು. ಕೊಯ್ಲಿನ ವೇಳೆಗೆ ಮತ್ತೆ ಹೋದಾಗ ಮಗು ತಾಯಿಯ ಹಾಲಿನಲ್ಲಿಯೇ ಮೈತುಂಬಿಕೊಂಡಿತ್ತು. ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ, ಆಕೆಯ ಕೆಲಸದ ಲೆಕ್ಕ ಹಾಕುವುದನ್ನು ಇಂದೇ ಪ್ರಾರಂಭಿಸಿ.